‘ಗೆಟ್’ ಪದವನ್ನು ಹಿಡಿತಕ್ಕೆ ತಂದುಕೊಳ್ಳುವುದು ಹೇಗೆ?

ಇಂಗ್ಲಿಷ್ ಕಲಿಯುವವರನ್ನು ಉದ್ದುದ್ದ ಪದಗಳು ಅಷ್ಟೇನೂ ಕಾಡುವುದಿಲ್ಲ. ನಿಘಂಟು ತೆಗೆದರೆ ಅರ್ಥ ಸಿಕ್ಕಿಬಿಡುತ್ತದೆ. ಜಾಸ್ತಿ ಕಾಡುವುದು ‘ಗೆಟ್’ ಥರದ ಪುಟ್ಟ ಪದ. ದೊಡ್ಡ ನಿಘಂಟುಗಳಲ್ಲಿ ಇದರ ಅರ್ಥಗಳು ಪುಟಗಟ್ಟಲೆ ಇವೆ. ಅಷ್ಟನ್ನೂ ಬಾಯಿಪಾಠ ಮಾಡಬೇಡಿ. ಗೆಟ್ ಬೆನ್ನಿಗೆ ಯಾವ ಪದ ಬಂದಿದೆ ನೋಡಿ. ಅರ್ಥವನ್ನು ತೀರ್ಮಾನಿಸುವುದು ಅದೇ.

ಮೊದಲಿಗೆ ಸುಲಭದ್ದು. ಬೆನ್ನಿಗೆ ವಸ್ತುವಿನ ಹೆಸರು ಬಂದರೆ ಸಿಗುವುದು, ಬರುವುದು, ತರುವುದು. ‘ಐ ಗಾಟ್ ಎ ಲೆಟರ್’ ಅಂದರೆ ನನಗೊಂದು ಪತ್ರ ಬಂತು. ‘ಗೆಟ್ ಸಮ್ ಮಿಲ್ಕ್’ ಅಂದರೆ ಸ್ವಲ್ಪ ಹಾಲು ತಗೊಂಡು ಬಾ. ಇದೇ ಈ ಪದದ ಹಳೆಯ ಅರ್ಥ. ಸಾವಿರ ವರ್ಷಕ್ಕೂ ಹಿಂದೆ ಸ್ಕ್ಯಾಂಡಿನೇವಿಯಾದಿಂದ ಬಂದು ಇಂಗ್ಲೆಂಡಿನಲ್ಲಿ ನೆಲೆಸಿದ ವೈಕಿಂಗರ ‘ಗೆಟ’ ಎಂಬ ಮಾತೇ ಇಂಗ್ಲಿಷಿಗೆ ಸೇರಿಕೊಂಡಿತು. ಇನ್ನು ಬೆನ್ನಿಗೆ ಊರೋ ಜಾಗವೋ ಬಂದರೆ ತಲುಪುವುದು: ‘ವಿ ಗಾಟ್ ಟು ಹುಬ್ಬಳ್ಳಿ ಅಟ್ ಸಿಕ್ಸ್’.

ಎರಡನೆಯದು, ಗುಣ ಅಥವಾ ಸ್ಥಿತಿ ಹೇಳುವ ಪದ. ಇಲ್ಲಿ ಕನ್ನಡಿಗರಿಗೆ ಒಂದು ಅನುಕೂಲವಿದೆ. ನಮ್ಮ ‘ಆಗು’ ಹೆಚ್ಚುಕಡಿಮೆ ಇದೇ ಕೆಲಸ ಮಾಡುತ್ತದೆ. ಕತ್ತಲಾಯಿತು, ‘ಇಟ್ ಗಾಟ್ ಡಾರ್ಕ್’. ತಡವಾಗುತ್ತಿದೆ, ‘ಇಟ್ಸ್ ಗೆಟಿಂಗ್ ಲೇಟ್’. ‘ಐ ಆ್ಯಮ್ ಮ್ಯಾರೀಡ್’ ಅಂದರೆ ನನಗೆ ಮದುವೆಯಾಗಿದೆ, ಅದು ಈಗಿನ ಸ್ಥಿತಿ. ‘ಐ ಗಾಟ್ ಮ್ಯಾರೀಡ್ ಇನ್ 2015’ ಅಂದರೆ 2015ರಲ್ಲಿ ಮದುವೆ ಆಯಿತು, ಅದು ನಡೆದ ಸಂಗತಿ. ಒಂದು ಸ್ಥಿತಿಯಿಂದ ಇನ್ನೊಂದಕ್ಕೆ ದಾಟುವುದನ್ನು ಹೇಳಬೇಕಾದಾಗಲೆಲ್ಲ ಗೆಟ್ ನೆನಪಿಸಿಕೊಳ್ಳಿ.

ಮೂರನೆಯದರಲ್ಲಿ ನಿಧಾನವಾಗಿ ಹೋಗೋಣ. ನಮ್ಮವರು ಎಡವುವುದು ಇಲ್ಲೇ. ಬೈಕನ್ನು ಗ್ಯಾರೇಜಿಗೆ ಕೊಟ್ಟು ಸರಿ ಮಾಡಿಸಿ, ‘ಐ ರಿಪೇರ್ಡ್ ಮೈ ಬೈಕ್’ ಅನ್ನುತ್ತೇವೆ. ಕೇಳಿದವರಿಗೆ ನೀವೇ ಸ್ಪ್ಯಾನರ್ ಹಿಡಿದಂತೆ ಅನಿಸುತ್ತದೆ. ಕನ್ನಡದಲ್ಲಿ ‘ಮಾಡಿದೆ’ ಬೇರೆ, ‘ಮಾಡಿಸಿದೆ’ ಬೇರೆ, ಅಲ್ವಾ? ಆ ‘ಇಸು’ ಇಂಗ್ಲಿಷಿನಲ್ಲಿ ಬೇಕೆಂದರೆ ಗೆಟ್ ಹಾಕಿ: ‘ಐ ಗಾಟ್ ಮೈ ಬೈಕ್ ರಿಪೇರ್ಡ್’. ಬ್ಲೌಸ್ ಹೊಲಿಸಿದೆ, ‘ಐ ಗಾಟ್ ಎ ಬ್ಲೌಸ್ ಸ್ಟಿಚ್ಡ್’. ಪದಗಳ ಕ್ರಮ ಗಮನಿಸಿ. ಗೆಟ್, ಆಮೇಲೆ ವಸ್ತು, ಕೊನೆಗೆ ಆದ ಕೆಲಸ. ಯಾರಿಂದ ಮಾಡಿಸಿದಿರಿ ಎಂದು ಹೇಳಬೇಕಾದರೆ ಆ ವ್ಯಕ್ತಿಯ ನಂತರ ‘ಟು’ ಬರುತ್ತದೆ: ‘ಐ ಗಾಟ್ ಹಿಮ್ ಟು ಸೈನ್’. ಇದರಲ್ಲಿ ಅವನನ್ನು ಒಪ್ಪಿಸಿ ಸಹಿ ಹಾಕಿಸಿದೆ ಎಂಬ ಧ್ವನಿಯೂ ಇದೆ.

ನಾಲ್ಕನೆಯದು, ಅಪ್, ಆಫ್, ಓವರ್, ಬೈ ಥರದ ಚಿಕ್ಕ ಪದಗಳು. ಇವನ್ನು ಗೆಟ್ ಜತೆ ಸೇರಿಸಿ ಒಂದೇ ಪದದಂತೆ ಕಲಿಯಿರಿ. ‘ಗೆಟ್ ಅಪ್’ ಏಳುವುದು. ‘ಗೆಟ್ ಓವರ್’ ಕಾಯಿಲೆಯಿಂದಲೋ ದುಃಖದಿಂದಲೋ ಚೇತರಿಸಿಕೊಳ್ಳುವುದು. ‘ಗೆಟ್ ಬೈ’ ಇರುವುದರಲ್ಲೇ ಹೇಗೋ ನಿಭಾಯಿಸುವುದು. ಬಸ್ಸಿನ ವಿಷಯಕ್ಕೆ ಬಂದರೆ, ನಮ್ಮಲ್ಲಿ ಇಳಿಯುವುದಕ್ಕೆ ‘ಗೆಟ್ ಡೌನ್’ ಅನ್ನುವುದು ರೂಢಿ. ಇಲ್ಲಿ ಎಲ್ಲರಿಗೂ ಅರ್ಥವಾಗುತ್ತದೆ, ಆದ್ದರಿಂದ ಅದನ್ನು ತಪ್ಪು ಎಂದು ಹೀಗಳೆಯಬೇಕಿಲ್ಲ. ಆದರೆ ಬ್ರಿಟನ್, ಅಮೆರಿಕದವರು ಬಸ್, ರೈಲು, ವಿಮಾನ, ಸೈಕಲ್‌ಗಳಿಗೆ ‘ಗೆಟ್ ಆನ್’, ‘ಗೆಟ್ ಆಫ್’ ಬಳಸುತ್ತಾರೆ. ಕಾರಿಗೆ ‘ಗೆಟ್ ಇನ್’, ‘ಗೆಟ್ ಔಟ್’. ಒಳಗೆ ನಿಂತು ಓಡಾಡಬಹುದಾದ ಅಥವಾ ಕಾಲು ಹಾಕಿ ಕೂರುವ ವಾಹನವಾದರೆ ಆನ್, ಆಫ್ ಎಂದು ನೆನಪಿಡಿ. ಅವರ ‘ಗೆಟ್ ಡೌನ್’ ಸಾಮಾನ್ಯವಾಗಿ ಮರದಿಂದಲೋ ಏಣಿಯಿಂದಲೋ ಇಳಿಯುವುದಕ್ಕೆ.

ಕಿವಿಗೂ ಸ್ವಲ್ಪ ತರಬೇತಿ ಬೇಕು. ಅಮೆರಿಕನ್ನರ ಬಾಯಲ್ಲಿ ‘ಗೆಟ್ ಅಪ್’ ಎನ್ನುವುದು ‘ಗೆಡಪ್’ ಎಂದು ಕೇಳಿಸಬಹುದು. ‘ಹ್ಯಾವ್’ ಜತೆ ‘ಗಾಟ್’ ಬದಲು ಬರುವ ‘ಗಾಟನ್’ ಎಂಬ ರೂಪವೂ ಅವರಲ್ಲಿ ಮಾಮೂಲು, ಬ್ರಿಟನ್ನಿನಲ್ಲಿ ಅಪರೂಪ. ಇನ್ನೊಂದು ಗೊಂದಲ ‘ಗಾಟ್ ಟು’. ‘ಐ ಗಾಟ್ ಟು ಮೀಟ್ ಹರ್’ ಅಂದರೆ ಅವರನ್ನು ಭೇಟಿಯಾಗುವ ಅವಕಾಶ ಸಿಕ್ಕಿತು. ‘ಐ ಹ್ಯಾವ್ ಗಾಟ್ ಟು ಮೀಟ್ ಹರ್’ ಅಂದರೆ ಭೇಟಿಯಾಗಲೇಬೇಕು. ಆದರೆ ಮಾತಿನಲ್ಲಿ ಆ ‘ಹ್ಯಾವ್’ ಎಷ್ಟೋ ಸಲ ಬಿದ್ದುಹೋಗುತ್ತದೆ. ಆಗ ಸಂದರ್ಭ ನೋಡಿಯೇ ತಿಳಿಯಬೇಕು.

ಅಭ್ಯಾಸಕ್ಕೆ ಇಂಗ್ಲಿಷ್ ಪತ್ರಿಕೆಯ ಒಂದು ಸಂದರ್ಶನ ತಗೊಳ್ಳಿ. ಗೆಟ್, ಗಾಟ್ ಕಂಡಲ್ಲೆಲ್ಲ ಗೆರೆ ಎಳೆದು, ಮೇಲೆ ಕನ್ನಡದ ಕ್ರಿಯಾಪದ ಬರೆಯಿರಿ. ಸುದ್ದಿ ವರದಿಗಿಂತ ಸಂದರ್ಶನವೇ ಒಳ್ಳೆಯದು, ಏಕೆಂದರೆ ಗೆಟ್ ಹೆಚ್ಚಾಗಿ ಓಡಾಡುವುದು ಮಾತಿನಲ್ಲಿ. ಅದೇ ಕಾರಣಕ್ಕೆ ಅರ್ಜಿ, ಕಚೇರಿ ಪತ್ರಗಳಲ್ಲಿ ಇದನ್ನು ಕಡಿಮೆ ಮಾಡಿ. ಅಲ್ಲಿ ‘ಐ ಗಾಟ್ ಯುವರ್ ಲೆಟರ್’ ಬದಲು ‘ಐ ಹ್ಯಾವ್ ರಿಸೀವ್ಡ್ ಯುವರ್ ಲೆಟರ್’ ಎಂದೇ ಬರೆಯಿರಿ.