ಜೈಲಿಗೆ ಹೋಗುವ ಮೊದಲೇ ಬರೆಸಿಡಬೇಕಾದದ್ದು: ಲೈಂಗಿಕ ಅಲ್ಪಸಂಖ್ಯಾತ ಬಂಧಿತರ ಹಕ್ಕುಗಳನ್ನು ಪಡೆಯುವ ಕ್ರಮ

ಪೊಲೀಸರು ಬಂಧಿಸಿದ ವ್ಯಕ್ತಿ ಮಂಗಳಮುಖಿಯಾಗಿರಲಿ, ಟ್ರಾನ್ಸ್ ಪುರುಷರಾಗಿರಲಿ, ಸಲಿಂಗಿಯಾಗಿರಲಿ, ಮಂಗಳೂರಿನ ಕೊಡಿಯಾಲಬೈಲಿನ ಅಥವಾ ಉಡುಪಿಯ ಹಿರಿಯಡ್ಕದ ಜೈಲಿನಲ್ಲಿ ಅವರ ದಿನಗಳು ಹೇಗೆ ಕಳೆಯುತ್ತವೆ ಎಂಬುದು ಬಹುಮಟ್ಟಿಗೆ ಅದಕ್ಕೂ ಮೊದಲು ಠಾಣೆಯಲ್ಲಿ ಮತ್ತು ನ್ಯಾಯಾಲಯದಲ್ಲಿ ಏನು ಬರೆಯಲಾಯಿತು ಎಂಬುದನ್ನು ಅವಲಂಬಿಸಿರುತ್ತದೆ. ಒಳಗೆ ಹೋದ ಮೇಲೆ ತಿದ್ದಿಸುವುದು ಕಷ್ಟ. ಆದ್ದರಿಂದ ಮನೆಯವರು, ಸಂಗಾತಿ, ಗುರು (ಮಂಗಳಮುಖಿ ಸಮುದಾಯದ ಹಿರಿಯರು) ಅಥವಾ ಸ್ನೇಹಿತರು ಮೊದಲ ದಿನವೇ ಮಾಡಬೇಕಾದ ಕೆಲಸಗಳನ್ನು ಇಲ್ಲಿ ಕ್ರಮವಾಗಿ ಕೊಡಲಾಗಿದೆ.

ಠಾಣೆಯಲ್ಲಿ

ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ ಬದಲು ಬಂದಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 48ನೇ ಕಲಮಿನ ಪ್ರಕಾರ, ಬಂಧನದ ವಿಷಯವನ್ನು ಬಂಧಿತರು ಸೂಚಿಸಿದ ಸಂಬಂಧಿಕರಿಗೆ, ಸ್ನೇಹಿತರಿಗೆ ಅಥವಾ ಬೇರಾವುದೇ ವ್ಯಕ್ತಿಗೆ ಪೊಲೀಸರು ತಿಳಿಸಲೇಬೇಕು. ರಕ್ತಸಂಬಂಧ ಇರಬೇಕೆಂದು ಕಾನೂನು ಹೇಳಿಲ್ಲ. ಮನೆಯಿಂದ ಹೊರದೂಡಲ್ಪಟ್ಟವರಿಗೆ ಇದಕ್ಕಿಂತ ಉಪಯುಕ್ತವಾದ ಕಲಮು ಇನ್ನೊಂದಿಲ್ಲ. ಅಪ್ಪನ ನಂಬರನ್ನೇ ಕೊಡಬೇಕೆಂದು ಒತ್ತಾಯಿಸಿದರೂ ತಮಗೆ ಬೇಕಾದವರ ಹೆಸರನ್ನೇ ಹೇಳಬಹುದು. ವಿಚಾರಣೆಯ ವೇಳೆ ವಕೀಲರನ್ನು ಭೇಟಿಯಾಗುವ ಹಕ್ಕು 38ನೇ ಕಲಮಿನಲ್ಲಿದೆ. ವಕೀಲರಿಗೆ ಹಣವಿಲ್ಲದಿದ್ದರೆ 15100ಕ್ಕೆ ಕರೆ ಮಾಡಿ ಅಥವಾ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಕಚೇರಿಗೆ ಹೋಗಿ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ ಪ್ರಕಾರ ಬಂಧನದಲ್ಲಿರುವವರು ಉಚಿತ ಕಾನೂನು ನೆರವಿಗೆ ಅರ್ಹರು. ಅವರಿಗೆ ಆದಾಯದ ಮಿತಿ ಅನ್ವಯಿಸುವುದಿಲ್ಲ.

ಮ್ಯಾಜಿಸ್ಟ್ರೇಟರ ಮುಂದೆ

ಬಂಧಿಸಿದ 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸುವಾಗ ಎಲ್ಲರ ಗಮನವೂ ಜಾಮೀನಿನ ಮೇಲಿರುತ್ತದೆ. ಜಾಮೀನು ಅರ್ಜಿಯ ಜೊತೆಗೇ ಇನ್ನೊಂದು ಪುಟದ ಅರ್ಜಿಯನ್ನು ವಕೀಲರಿಂದ ಹಾಕಿಸಿ. ಅದರ ಒಕ್ಕಣೆ ಹೀಗಿರಬಹುದು: ‘ಅರ್ಜಿದಾರರು ತಮ್ಮನ್ನು ಮಹಿಳೆಯೆಂದು ಗುರುತಿಸಿಕೊಂಡಿರುವ ಟ್ರಾನ್ಸ್‌ಜೆಂಡರ್ ವ್ಯಕ್ತಿಯಾಗಿದ್ದು, ಪುರುಷ ಕೈದಿಗಳ ಬ್ಯಾರಕಿನಲ್ಲಿ ಇರಿಸಿದರೆ ಅವರ ಪ್ರಾಣಕ್ಕೂ ಮಾನಕ್ಕೂ ಅಪಾಯವಿರುವುದರಿಂದ, ಅವರ ಲಿಂಗ ಗುರುತನ್ನು ವಾರಂಟಿನಲ್ಲಿ ನಮೂದಿಸಿ, ಸುರಕ್ಷಿತ ಸ್ಥಳದಲ್ಲಿ ಇರಿಸುವಂತೆಯೂ, ನಡೆಯುತ್ತಿರುವ ಹಾರ್ಮೋನ್ ಚಿಕಿತ್ಸೆಯನ್ನು ಮುಂದುವರಿಸುವಂತೆಯೂ ಕಾರಾಗೃಹದ ಅಧೀಕ್ಷಕರಿಗೆ ನಿರ್ದೇಶಿಸಬೇಕೆಂದು ಪ್ರಾರ್ಥನೆ.’ ಚಿಕಿತ್ಸೆಯ ಚೀಟಿ ಇದ್ದರೆ ಲಗತ್ತಿಸಿ.

ನ್ಯಾಯಾಲಯದ ಆದೇಶವೇ ಏಕೆ ಬೇಕೆಂದರೆ, ಈ ವಿಷಯದಲ್ಲಿ ಅತ್ಯಂತ ವಿವರವಾದ ಮಾರ್ಗಸೂಚಿ ಇರುವುದು ಕೇಂದ್ರ ಗೃಹ ಸಚಿವಾಲಯವು 2022ರ ಜನವರಿ 10ರಂದು ರಾಜ್ಯಗಳಿಗೆ ಬರೆದ ಪತ್ರದಲ್ಲಿ. ಕಾರಾಗೃಹವು ಸಂವಿಧಾನದ ಏಳನೇ ಅನುಸೂಚಿಯಂತೆ ರಾಜ್ಯದ ವಿಷಯವಾದ್ದರಿಂದ ಆ ಪತ್ರ ಸಲಹೆಯಷ್ಟೇ. ಸಲಹೆಯನ್ನು ಕಡತದಲ್ಲಿಟ್ಟು ಮರೆಯಬಹುದು; ಮ್ಯಾಜಿಸ್ಟ್ರೇಟರ ಆದೇಶವನ್ನು ಹಾಗೆ ಮರೆಯಲಾಗದು.

ಜಿಲ್ಲಾಧಿಕಾರಿ ಕೊಡುವ ಟ್ರಾನ್ಸ್‌ಜೆಂಡರ್ ಗುರುತಿನ ಪ್ರಮಾಣಪತ್ರ ಕೈಯಲ್ಲಿದ್ದರೆ ಕೆಲಸ ಹಗುರ. ಅದಿಲ್ಲವೆಂದ ಮಾತ್ರಕ್ಕೆ ಹಿಂಜರಿಯಬೇಕಾಗಿಲ್ಲ. ಲಿಂಗ ಗುರುತನ್ನು ನಿರ್ಧರಿಸಿಕೊಳ್ಳುವ ಹಕ್ಕು ವ್ಯಕ್ತಿಯದೇ ಎಂದೂ, ಶಸ್ತ್ರಚಿಕಿತ್ಸೆಯಾಗಿರಬೇಕೆಂದು ಪಟ್ಟು ಹಿಡಿಯುವುದು ಕಾನೂನುಬಾಹಿರವೆಂದೂ ಸುಪ್ರೀಂ ಕೋರ್ಟ್ 2014ರ ಏಪ್ರಿಲ್ 15ರ ತೀರ್ಪಿನಲ್ಲಿ (ನಾಲ್ಸಾ ವಿರುದ್ಧ ಭಾರತ ಒಕ್ಕೂಟ) ಹೇಳಿದೆ. ಅರ್ಜಿಯಲ್ಲಿ ಆ ತೀರ್ಪನ್ನು ಉಲ್ಲೇಖಿಸಿ. ಒಳಗಿದ್ದುಕೊಂಡೇ ಪ್ರಮಾಣಪತ್ರಕ್ಕೆ ಅರ್ಜಿ ಹಾಕಲು ಜೈಲು ನೆರವಾಗಬೇಕೆಂದು 2022ರ ಪತ್ರವೂ ಸೂಚಿಸುತ್ತದೆ.

ಜೈಲಿನ ಬಾಗಿಲಲ್ಲಿ

ಮೊದಲು ಎದುರಾಗುವುದು ಮೈ ತಪಾಸಣೆ. 2022ರ ಪತ್ರದ ಪ್ರಕಾರ, ಬಂಧಿತರು ಬಯಸುವ ಲಿಂಗದ ಸಿಬ್ಬಂದಿಯಾಗಲಿ ತರಬೇತಿ ಪಡೆದ ವೈದ್ಯಕೀಯ ಸಿಬ್ಬಂದಿಯಾಗಲಿ ಅದನ್ನು ನಡೆಸಬೇಕು. ಬಟ್ಟೆ ಕಳಚಬೇಕಾಗಿ ಬಂದರೆ ಮರೆಯಿರುವ ಕೋಣೆಯಲ್ಲೇ ನಡೆಸಬೇಕು. ‘ನನ್ನ ತಪಾಸಣೆಯನ್ನು ಮಹಿಳಾ ಸಿಬ್ಬಂದಿ ಮಾಡಲಿ’ ಎಂದು ಬಾಯಿಬಿಟ್ಟು ಕೇಳಬೇಕೆಂಬುದನ್ನು ಬಂಧಿತರಿಗೆ ಮೊದಲೇ ತಿಳಿಸಿಡಿ. ದಾಖಲಾತಿ ಪುಸ್ತಕದಲ್ಲಿ ಗಂಡು, ಹೆಣ್ಣಿನ ಜೊತೆಗೆ ಟ್ರಾನ್ಸ್‌ಜೆಂಡರ್ ಎಂದು ನಮೂದಿಸಲು ಅವಕಾಶವಿರಬೇಕೆಂಬುದೂ ಅದೇ ಪತ್ರದಲ್ಲಿದೆ.

ವಾರ್ಡಿನ ಪ್ರಶ್ನೆ ಅಷ್ಟು ಸರಳವಲ್ಲ. ಟ್ರಾನ್ಸ್ ಪುರುಷರಿಗೂ ಟ್ರಾನ್ಸ್ ಮಹಿಳೆಯರಿಗೂ ಬೇರೆಬೇರೆ ಆವರಣ, ಪ್ರತ್ಯೇಕ ಶೌಚಾಲಯ ಮತ್ತು ಸ್ನಾನಗೃಹ ಇರಬೇಕು. ಆದರೆ ಹಾಗೆ ಬೇರ್ಪಡಿಸುವುದರಿಂದ ಅವರು ಒಂಟಿಯಾಗಲೂಬಾರದು, ಕಳಂಕಿತರಾಗಲೂಬಾರದು ಎಂದು ಪತ್ರ ಹೇಳುತ್ತದೆ. ಜಾಗವಿಲ್ಲದ ಸಣ್ಣ ಜೈಲಿನಲ್ಲಿ ಈ ಎರಡು ಮಾತುಗಳು ಒಂದಕ್ಕೊಂದು ಎದುರಾಗುತ್ತವೆ, ರಕ್ಷಣೆಯ ಹೆಸರಿನಲ್ಲಿ ಒಂಟಿ ಕೋಣೆ ಸಿಗುವ ಅಪಾಯವಿರುತ್ತದೆ. ಹಾಗಾಗಿ ಅರ್ಜಿಯಲ್ಲಿ ಪ್ರತ್ಯೇಕ ಸ್ಥಳ ಕೇಳುವಾಗಲೇ, ಅಂಗಳದಲ್ಲಿ ಓಡಾಟ, ಕೆಲಸ, ಪುಸ್ತಕ, ಫೋನು ಇತರರಿಗಿರುವಷ್ಟೇ ದೊರೆಯಬೇಕೆಂಬ ಸಾಲನ್ನೂ ಸೇರಿಸಿ. ಮಂಗಳೂರಿನ ಸಮೀಪದ ಮುಡಿಪಿನ ಹೊಸ ಕಾರಾಗೃಹದ ನಕ್ಷೆಯಲ್ಲಿ ಇಂಥ ಆವರಣವಿದೆಯೇ ಎಂದು ಮಾಹಿತಿ ಹಕ್ಕಿನಡಿ ಕೇಳಲು ಯಾರೂ ಕೈದಿಯಾಗಬೇಕಾಗಿಲ್ಲ.

ಸಲಿಂಗಿ ಮತ್ತು ದ್ವಿಲೈಂಗಿಕ (ಗಂಡು, ಹೆಣ್ಣು ಇಬ್ಬರತ್ತಲೂ ಆಕರ್ಷಿತರಾಗುವ) ಬಂಧಿತರ ವಿಷಯ ಬೇರೆ. 2022ರ ಪತ್ರ ಟ್ರಾನ್ಸ್‌ಜೆಂಡರ್ ವ್ಯಕ್ತಿಗಳಿಗೆ ಸಂಬಂಧಿಸಿದ್ದು. ತಮ್ಮ ಲೈಂಗಿಕತೆಯನ್ನು ಜೈಲಿನಲ್ಲಿ ಹೇಳಿಕೊಳ್ಳಬೇಕೆಂಬ ಕಡ್ಡಾಯವಿಲ್ಲ. ಹೇಳದಿರುವುದೇ ಕ್ಷೇಮವೆನಿಸಿದರೆ ವಕೀಲರಿಗೆ ಮಾತ್ರ ತಿಳಿಸಿ, ಬೆದರಿಕೆ ಕಂಡಾಗ ಅವರ ಮೂಲಕ ವಾರ್ಡ್ ಬದಲಾವಣೆ ಕೋರಬಹುದು.

ಭೇಟಿ, ಔಷಧ, ದೂರು

ಭೇಟಿಯ ಹಕ್ಕನ್ನು ಕೇಂದ್ರ ಗೃಹ ಸಚಿವಾಲಯ 2024ರ ಜುಲೈ 15ರ ಪತ್ರದಲ್ಲಿ ಸ್ಪಷ್ಟಪಡಿಸಿದೆ: ಲೈಂಗಿಕ ಅಲ್ಪಸಂಖ್ಯಾತ ಕೈದಿಗಳು ತಮಗೆ ಬೇಕಾದವರನ್ನು ತಾರತಮ್ಯವಿಲ್ಲದೆ ಭೇಟಿಯಾಗಬಹುದು. ಸಂದರ್ಶಕರ ಪಟ್ಟಿಯಲ್ಲಿ ಸಂಗಾತಿಯ ಅಥವಾ ಗುರುವಿನ ಹೆಸರನ್ನು ಬಂಧಿತರೇ ಬರೆಸಲಿ. ‘ಸ್ನೇಹಿತ’ ಎಂದಿದ್ದರೂ ಸಾಕು. ಎಚ್‌ಐವಿ ಸೋಂಕಿದ್ದರೆ 2017ರ ಎಚ್‌ಐವಿ ಮತ್ತು ಏಡ್ಸ್ ಕಾಯ್ದೆಯಂತೆ ಆ ವಿವರ ಗೋಪ್ಯ. ಎಆರ್‌ಟಿ (ಎಚ್‌ಐವಿ ನಿಯಂತ್ರಣದ) ಮಾತ್ರೆ ಒಂದು ದಿನವೂ ತಪ್ಪದಂತೆ ಜೈಲಿನ ವೈದ್ಯಾಧಿಕಾರಿಗೆ ಚಿಕಿತ್ಸೆಯ ಪುಸ್ತಕವನ್ನು ತಲಪಿಸಿ.

ದೌರ್ಜನ್ಯವಾದರೆ ಅಧೀಕ್ಷಕರಿಗೆ ಲಿಖಿತ ದೂರು ಕೊಟ್ಟು ಪ್ರತಿಯನ್ನು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೂ ರಾಜ್ಯ ಮಾನವ ಹಕ್ಕುಗಳ ಆಯೋಗಕ್ಕೂ ಕಳುಹಿಸಿ. ಟ್ರಾನ್ಸ್‌ಜೆಂಡರ್ ವ್ಯಕ್ತಿಗೆ ದೈಹಿಕ ಅಥವಾ ಲೈಂಗಿಕ ಹಿಂಸೆ ಕೊಡುವುದು 2019ರ ಟ್ರಾನ್ಸ್‌ಜೆಂಡರ್ ವ್ಯಕ್ತಿಗಳ (ಹಕ್ಕುಗಳ ಸಂರಕ್ಷಣೆ) ಕಾಯ್ದೆಯಡಿ ಅಪರಾಧ. ವಯಸ್ಕ ಪುರುಷನ ಮೇಲೆ ಅತ್ಯಾಚಾರವಾದರೆ ಕಾನೂನು ದುರ್ಬಲವಾಗಿದೆ, ಏಕೆಂದರೆ ಈಗಿನ ಭಾರತೀಯ ನ್ಯಾಯ ಸಂಹಿತೆಯಲ್ಲಿ ಹಳೆಯ ಭಾರತೀಯ ದಂಡ ಸಂಹಿತೆಯ 377ನೇ ಕಲಮಿಗೆ (ಅಸಹಜ ಲೈಂಗಿಕ ಅಪರಾಧ) ಸಮನಾದ ಕಲಮೇ ಇಲ್ಲ. ಗಾಯ, ಅಕ್ರಮ ಬಂಧನ, ಬೆದರಿಕೆಯ ಕಲಮುಗಳಡಿ ದೂರು ಬರೆಸಿ, ವೈದ್ಯಕೀಯ ಪರೀಕ್ಷೆಯನ್ನು ತಡಮಾಡದೆ ಮಾಡಿಸಬೇಕಾಗುತ್ತದೆ.

ಮನೆಯವರು ಕೈಬಿಟ್ಟ ಅನೇಕರು ಜಾಮೀನು ಸಿಕ್ಕರೂ ಜಾಮೀನುದಾರರಿಲ್ಲದೆ ಒಳಗೇ ಉಳಿಯುತ್ತಾರೆ. ಜಾಮೀನು ಆದೇಶವಾಗಿ 7 ದಿನದೊಳಗೆ ಬಿಡುಗಡೆಯಾಗದಿದ್ದರೆ ಅಧೀಕ್ಷಕರು ಕಾನೂನು ಸೇವಾ ಪ್ರಾಧಿಕಾರದ ಕಾರ್ಯದರ್ಶಿಗೆ ತಿಳಿಸಬೇಕೆಂದೂ, ಒಂದು ತಿಂಗಳಾದರೂ ಬಾಂಡ್ ಕೊಡಲಾಗದಿದ್ದರೆ ಷರತ್ತು ಸಡಿಲಿಸುವುದನ್ನು ನ್ಯಾಯಾಲಯ ಪರಿಗಣಿಸಬಹುದೆಂದೂ ಸುಪ್ರೀಂ ಕೋರ್ಟ್ 2023ರ ಜನವರಿ 31ರಂದು ನಿರ್ದೇಶಿಸಿದೆ. ಎಂಟನೆಯ ದಿನ ಪ್ರಾಧಿಕಾರದ ಕಚೇರಿಗೆ ಹೋಗಿ, ಆ ಮಾಹಿತಿ ಜೈಲಿನಿಂದ ಬಂದಿದೆಯೇ ಎಂದು ವಿಚಾರಿಸಿ. ಬಂದಿಲ್ಲವಾದರೆ ಜಾಮೀನು ಆದೇಶದ ಪ್ರತಿಯನ್ನು ನೀವೇ ಕೊಟ್ಟು ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ.