ರಿಡೋ ಕಾಲುವೆಯ ಜಲವರ್ಣ ಚಿತ್ರಗಳಲ್ಲಿ ಕಾಮಗಾರಿ ಓದುವ ಬಗೆ

ಕೆನಡಾದ ಒಟ್ಟಾವಾದಿಂದ ಕಿಂಗ್‌ಸ್ಟನ್‌ವರೆಗೆ 202 ಕಿ.ಮೀ. ಉದ್ದದ ರಿಡೋ ಕಾಲುವೆ ಕಟ್ಟಿದ್ದು 1826ರಿಂದ 1832ರ ನಡುವೆ. ಕಾಮಗಾರಿಯಲ್ಲೇ ಮೇಲ್ವಿಚಾರಕನಾಗಿದ್ದ ಥಾಮಸ್ ಬರೋಸ್ ಅದರ ಲಾಕ್ (ನೀರು ತುಂಬಿಸಿ, ಖಾಲಿ ಮಾಡಿ ದೋಣಿಗಳನ್ನು ಏರಿಸಿ ಇಳಿಸುವ, ಗೇಟುಗಳಿರುವ ಕಟ್ಟೆ), ಅಣೆಕಟ್ಟುಗಳನ್ನು ಜಲವರ್ಣದಲ್ಲಿ ಬರೆದಿಟ್ಟ. ಅವು ಒಂಟಾರಿಯೋದ ದಾಖಲಾಗಾರದಲ್ಲಿವೆ. ಈ ಬಗೆಯ ಚಿತ್ರ ಓದಲು ದೊಡ್ಡ ಡಿಜಿಟಲ್ ಪ್ರತಿ, ಒಂದು ಸ್ಕೇಲು ಸಾಕು.

ಮೊದಲು ಅಳತೆ. ಲಾಕ್ ನೇರ ಎದುರಿಗೆ ಕಾಣುವ ಚಿತ್ರ ಆರಿಸಿ. ಲಾಕ್‌ನ ಅಗಲ 33 ಅಡಿ. ಗೇಟಿನ ಪಕ್ಕದಲ್ಲಿ ನಿಂತವನನ್ನು ಐದೂವರೆ ಅಡಿ ಎಂದು ಹಿಡಿದರೆ ಅಗಲ ಆರು ಆಳೆತ್ತರ ಬರಬೇಕು. ಎಂಟೋ ಒಂಬತ್ತೋ ಬಂದರೆ, ಕಟ್ಟಡ ಭವ್ಯವಾಗಿ ಕಾಣಲೆಂದು ಮನುಷ್ಯರನ್ನು ಕುಗ್ಗಿಸಿದ್ದಾರೆ. ಇದೇ ಕಾಲುವೆಯ ಜೋನ್ಸ್ ಫಾಲ್ಸ್‌ನಲ್ಲಿರುವ ಕಲ್ಲಿನ ಕಮಾನು ಅಣೆಕಟ್ಟಿನ ಎತ್ತರ ಸುಮಾರು 60 ಅಡಿ, ಅಂದರೆ ಹನ್ನೊಂದು ಆಳೆತ್ತರ. ಅಳೆಯುವ ಆಳೂ ಕಟ್ಟಡವೂ ಒಂದೇ ದೂರದಲ್ಲಿರಬೇಕು. ಮುಂಭಾಗದ ಆಳನ್ನು ಹಿಂದಿನ ಗೋಡೆಗೆ ಹೋಲಿಸಿದರೆ ಲೆಕ್ಕವೆಲ್ಲ ಕೆಡುತ್ತದೆ.

ಮುಚ್ಚಿದ ಗೇಟಿನ ಎರಡು ಕದಗಳು ಕೂಡುವ ಮೂಲೆ ಮೇಲಿನ ನೀರಿನ ಕಡೆಗೆ ಚಾಚಿರಬೇಕು. ನೀರಿನ ಒತ್ತಡವೇ ಕದಗಳನ್ನು ಬಿಗಿಯುತ್ತದೆ. ತಿರುಗುಮುರುಗಾಗಿದ್ದರೆ ಸ್ಥಳ ನೋಡಿ ಬರೆದ ಚಿತ್ರವೆಂದು ನಂಬಬೇಡಿ.

ನೀರಲ್ಲಿ ನಿಂತ ಒಣಮರಗಳನ್ನು ಅಲಂಕಾರವೆಂದು ದಾಟಿ ಹೋಗಬೇಡಿ. ಇಲ್ಲಿ ಉದ್ದಕ್ಕೂ ನೆಲ ಅಗೆದಿಲ್ಲ. ಬಹುಪಾಲು ನದಿ, ಕೆರೆಗಳಿಗೇ ಅಣೆ ಕಟ್ಟಿ, ನೀರು ರಭಸವಾಗಿ ಹರಿಯುವ ಕಡೆ ಮಟ್ಟ ಏರಿಸಿದ್ದಾರೆ. ಮುಳುಗಿದ ಕಾಡು ಇನ್ನೂ ನೆಟ್ಟಗೆ ನಿಂತಿದ್ದರೆ ನೀರು ನಿಂತು ಹೆಚ್ಚು ಕಾಲವಾಗಿಲ್ಲ.

ಚಿತ್ರದಲ್ಲಿ ದುಡಿಮೆಯ ಗುರುತು ಹುಡುಕುವುದೇ ಕಷ್ಟದ ಕೆಲಸ, ಅದಕ್ಕೇ ಹೆಚ್ಚು ಹೊತ್ತು ಕೊಡಿ. ಕೆಲಸ ಮುಗಿದ ಲಾಕ್‌ನ ಮೇಲೆ ಟೋಪಿ ಹಾಕಿದ ಸಾಹೇಬರು ನಿಂತಿರಬಹುದು. ಕಟ್ಟಿದವರು ಐರಿಷ್ ವಲಸಿಗರು, ಫ್ರೆಂಚ್ ಕೆನಡಿಯನ್ನರು, ಕಲ್ಲುಕುಟಿಗರು. ಅವರ ಗುರುತು ಚಿತ್ರದ ಅಂಚುಗಳಲ್ಲಿ ಸಿಗುತ್ತದೆ: ಕಡಿದ ಮರದ ಮೋಟು, ಕಲ್ಲೆತ್ತುವ ಕಂಬ ಮತ್ತು ರಾಟೆ, ರಾಶಿ ಹಾಕಿದ ಕಲ್ಲು, ಮರದ ದಿಮ್ಮಿಯ ಗುಡಿಸಲು. ಗುಡಿಸಲಿಗೂ ಜೌಗು ನೆಲಕ್ಕೂ ಎಷ್ಟು ದೂರವೆಂದು ಗುರುತು ಹಾಕಿಕೊಳ್ಳಿ. ಆಗಸ್ಟ್, ಸೆಪ್ಟೆಂಬರ್‌ನಲ್ಲಿ ಮಲೇರಿಯಾ ಹಬ್ಬುತ್ತಿತ್ತು. ರೋಗ, ಅಪಘಾತಗಳಿಗೆ ಸುಮಾರು 1,000 ಮಂದಿ ಬಲಿಯಾದರೆಂಬ ಅಂದಾಜಿದೆ.

ಕೊನೆಗೆ ಇಸವಿ. ಚಿತ್ರದ ಕೆಳಗೆ ಬರೆದದ್ದು ದೃಶ್ಯದ ಇಸವಿಯಾಗಿರಬಹುದು, ಬಣ್ಣ ಹಾಕಿದ ಇಸವಿಯಲ್ಲ. ವಾಟ್‌ಮನ್‌ನಂಥ ಇಂಗ್ಲಿಷ್ ಕಾಗದದ ವಾಟರ್‌ಮಾರ್ಕಿನಲ್ಲಿ ತಯಾರಾದ ವರ್ಷವೂ ಇರುತ್ತಿತ್ತು. ಸ್ಕ್ಯಾನ್‌ನಲ್ಲಿ ಅದು ಕಾಣುವುದಿಲ್ಲ. ಕಾಗದವನ್ನು ಹಿಂದಿನಿಂದ ಬೆಳಕಿಗೆ ಹಿಡಿದು ನೋಡಿ ಹೇಳುವಂತೆ ದಾಖಲಾಗಾರದವರನ್ನೇ ಕೇಳಿ. 1828ರ ದೃಶ್ಯದ ಕಾಗದದಲ್ಲಿ 1835 ಎಂದಿದ್ದರೆ, ಅದು ಹಳೆಯ ಸ್ಕೆಚ್ಚನ್ನೋ ನೆನಪನ್ನೋ ಆಧರಿಸಿ ಆಮೇಲೆ ಬರೆದದ್ದು.