ಎಚ್‌ಡಿಎಸಿ1: ತಡೆದು ನೋಡಿದ ಕಿಣ್ವ

ಡಿಎನ್‌ಎ ಸುತ್ತಿಕೊಳ್ಳುವ ಹಿಸ್ಟೋನ್ ಪ್ರೋಟೀನುಗಳಲ್ಲಿ ಲೈಸಿನ್ ಎಂಬ ಅಮೈನೊ ಆಮ್ಲಕ್ಕೆ ಅಂಟಿದ ಅಸಿಟೈಲ್ ಗುಂಪನ್ನು ಕಿತ್ತುಹಾಕುವುದು ಎಚ್‌ಡಿಎಸಿ1 (ಹಿಸ್ಟೋನ್ ಡಿಅಸಿಟೈಲೇಸ್ 1) ಕಿಣ್ವದ ಕೆಲಸ. ಅಸಿಟೈಲ್ ಹೋದೊಡನೆ ಲೈಸಿನ್‌ಗೆ ಧನ ವಿದ್ಯುದಂಶ ಮರಳುತ್ತದೆ. ಋಣ ವಿದ್ಯುದಂಶದ ಡಿಎನ್‌ಎ ಅದಕ್ಕೆ ಬಿಗಿಯಾಗಿ ಸುತ್ತಿಕೊಂಡು, ಅಲ್ಲಿನ ವಂಶವಾಹಿ ಸಾಮಾನ್ಯವಾಗಿ ಸುಮ್ಮನಾಗುತ್ತದೆ. 1996ರಲ್ಲಿ ಹಾರ್ವರ್ಡ್‌ನ ಸ್ಟುವರ್ಟ್ ಶ್ರೈಬರ್ ಅವರ ತಂಡ ಈ ಕಿಣ್ವವನ್ನು ಪತ್ತೆಹಚ್ಚಿದ್ದು, ಅದನ್ನು ಕಟ್ಟಿಹಾಕುವ ಟ್ರ್ಯಾಪಾಕ್ಸಿನ್ ಎಂಬ ಶಿಲೀಂಧ್ರಜನ್ಯ ರಾಸಾಯನಿಕವನ್ನೇ ಗಾಳವಾಗಿಸಿ. ಪ್ರಯೋಗಾಲಯದಲ್ಲಿ ನಾನು ಹಿಡಿದದ್ದೂ ಹೆಚ್ಚುಕಡಿಮೆ ಅದೇ ದಾರಿ: ಮೊದಲು ತಡೆಯುವುದು, ಆಮೇಲೆ ಏನಾಯಿತೆಂದು ನೋಡುವುದು.

ಹೀಲಾ ಎಂಬ ಮಾನವ ಕ್ಯಾನ್ಸರ್ ಕೋಶಗಳ ಒಂದು ತಟ್ಟೆಗೆ ಈ ಕಿಣ್ವವನ್ನು ತಡೆಯುವ ಟ್ರೈಕೋಸ್ಟಾಟಿನ್ ಎ ಎಂಬ ಔಷಧ, ಇನ್ನೊಂದಕ್ಕೆ ಅದನ್ನು ಕರಗಿಸಿದ ದ್ರಾವಕವನ್ನಷ್ಟೇ ಹಾಕಿದೆ. ಕೆಲವು ಗಂಟೆಗಳ ನಂತರ ಕೋಶಗಳನ್ನು ಒಡೆದು, ಆಮ್ಲದಲ್ಲಿ ಹಿಸ್ಟೋನ್‌ಗಳನ್ನು ಕರಗಿಸಿಕೊಂಡೆ. ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು. ಕೋಶ ಒಡೆದ ಮಾತ್ರಕ್ಕೆ ಕಿಣ್ವದ ಕೆಲಸ ನಿಲ್ಲುವುದಿಲ್ಲ. ಕೊಳವೆಯೊಳಗೂ ಅದು ಅಸಿಟೈಲ್ ಕೀಳುತ್ತಲೇ ಇರುತ್ತದೆ. ಆದ್ದರಿಂದ ಕೋಶ ಒಡೆಯುವ ದ್ರಾವಣಕ್ಕೇ ಕಿಣ್ವವನ್ನು ತಡೆಯುವ ಸೋಡಿಯಂ ಬ್ಯುಟಿರೇಟ್ ಸೇರಿಸಿ, ಎಲ್ಲವನ್ನೂ ಮಂಜುಗಡ್ಡೆಯ ಮೇಲಿಟ್ಟು ಕೆಲಸ ಮಾಡಿದೆ. ಹಿಸ್ಟೋನ್‌ಗಳು ಚಿಕ್ಕ ಪ್ರೋಟೀನುಗಳಾದ್ದರಿಂದ ಅವನ್ನು ಗಾತ್ರಕ್ಕೆ ತಕ್ಕಂತೆ ಬೇರ್ಪಡಿಸಲು ಶೇ 15ರ ಜೆಲ್ ಬಳಸಿದೆ. ಹೋಲಿಕೆಗೆ ಎಚ್3 ಎಂಬ ಹಿಸ್ಟೋನಿನ ಒಟ್ಟು ಪ್ರಮಾಣವನ್ನೇ ಅಳೆದೆ. ಆ ಅಳತೆಯಿಲ್ಲದೆ ಅಸಿಟೈಲ್ ಅಂಟಿದ ಹಿಸ್ಟೋನಿನ ಪಟ್ಟಿ ಎಷ್ಟೇ ದಪ್ಪವಾಗಿ ಕಂಡರೂ ನಾನು ನಂಬುವುದಿಲ್ಲ.

ಒಟ್ಟು ಎಚ್3 ಎರಡರಲ್ಲೂ ಸಮನಾಗಿತ್ತು. ಅಸಿಟೈಲ್ ಪಟ್ಟಿ ಮಾತ್ರ ಔಷಧ ಹಾಕಿದ ಕಡೆ ಎದ್ದು ಕಾಣುತ್ತಿತ್ತು. ಕೋಶ ವಿಭಜನೆಗೆ ತಡೆಯೊಡ್ಡುವ ಪಿ21 ವಂಶವಾಹಿಯ ಆರ್‌ಎನ್‌ಎ ಕೂಡ ಏರಿತ್ತು. ವೊರಿನೊಸ್ಟಾಟ್‌ನಂತಹ ಕ್ಯಾನ್ಸರ್ ಔಷಧಗಳ ಹಿಂದೆಯೂ ಇದೇ ಬಗೆಯ ತಡೆ ಇದೆ. ಚರ್ಮದ ಒಂದು ಬಗೆಯ ಲಿಂಫೋಮಾಕ್ಕೆ ಅಮೆರಿಕ 2006ರಲ್ಲಿ ವೊರಿನೊಸ್ಟಾಟನ್ನು ಒಪ್ಪಿಕೊಂಡಿತು.

ಆದರೆ ಟ್ರೈಕೋಸ್ಟಾಟಿನ್ ಈ ಕುಟುಂಬದ ಹಲವು ಕಿಣ್ವಗಳನ್ನು ಒಟ್ಟಿಗೇ ತಡೆಯುತ್ತದೆ. ಎಚ್‌ಡಿಎಸಿ1ರ ಪಾಲು ಎಷ್ಟೆಂದು ತಿಳಿಯಲು, ಆ ಕಿಣ್ವ ತಯಾರಾಗುವುದನ್ನೇ ತಡೆಯುವ ಕಿರು ಆರ್‌ಎನ್‌ಎ ಬಳಸಿ ಅದೊಂದನ್ನೇ ತಗ್ಗಿಸಿದೆ. ಕಿಣ್ವ ಬಹುಪಾಲು ಮಾಯವಾಯಿತು, ಅಸಿಟೈಲ್ ಮಟ್ಟ ಅಷ್ಟಾಗಿ ಕದಲಲಿಲ್ಲ. ಅದೇ ಮಾದರಿಯಲ್ಲಿ ಅದರ ಸಮೀಪದ ಬಂಧು ಎಚ್‌ಡಿಎಸಿ2ನ್ನು ಅಳೆದಾಗ ಕಾರಣ ತಿಳಿಯಿತು: ಒಂದು ಇಳಿದಂತೆ ಇನ್ನೊಂದು ಏರಿತ್ತು. ಅಲ್ಲಿಂದಾಚೆಗೆ ಎರಡನ್ನೂ ಒಟ್ಟಿಗೆ ತಗ್ಗಿಸಿದ ಮಾದರಿಯಿಲ್ಲದೆ ಎಚ್‌ಡಿಎಸಿ1ರ ಬಗ್ಗೆ ಯಾವ ತೀರ್ಮಾನವನ್ನೂ ನಾನು ಬರೆಯುವುದಿಲ್ಲ.